ಅಂಕಪಟ್ಟಿಯ ಮೊದಲ ಸ್ಥಾನಕ್ಕೆ ಬೆಲೆ ಎಷ್ಟು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಹಿಂದೆ ಸರಿದು ಕರಾವಳಿಯ ಮೈದಾನಗಳು ಒಣಗತೊಡಗಿದ ಮೇಲೆ ಫುಟ್‌ಬಾಲ್ ಟೂರ್ನಿಗಳ ಮಾತು ಏಳುವುದು ಸಹಜ. ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಲೀಗ್‌ನಲ್ಲಿ ಎಷ್ಟು ತಂಡಗಳಿರಬೇಕು, ಕೊನೆಯಲ್ಲಿ ಮೇಲಿನ ಕೆಲವು ತಂಡಗಳ ನಡುವೆ ಪ್ಲೇಆಫ್ ಎಂಬ ನಿರ್ಣಾಯಕ ಪಂದ್ಯಗಳು ಬೇಕೇ ಬೇಡವೇ ಎಂಬುದರ ಸುತ್ತಲೇ ಇದ್ದುದರಿಂದ ಅವನ್ನೆಲ್ಲ ಒಂದೇ ಕಂತಿನಲ್ಲಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಬೆಂಗಳೂರು ಎಫ್‌ಸಿ 2017–18ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿಯೂ ಚಾಂಪಿಯನ್ ಆಗಲಿಲ್ಲ. ತಿಂಗಳುಗಟ್ಟಲೆ ಆಡಿ ಸಂಪಾದಿಸಿದ್ದನ್ನು ಒಂದು ಸಂಜೆಯಲ್ಲಿ ಕಳೆದುಕೊಳ್ಳುವ ಈ ಪದ್ಧತಿ ನ್ಯಾಯವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಆ ಋತುವಿನ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ನೋಡಿದರೆ ತಮ್ಮ ಬೇಸರಕ್ಕೆ ಕಾರಣವಿದೆ. ಹತ್ತು ತಂಡಗಳು ತಲಾ 18 ಪಂದ್ಯ ಆಡಿ ಮುಗಿಸಿದಾಗ ಬೆಂಗಳೂರಿನ ಬಳಿ 40 ಅಂಕಗಳಿದ್ದವು. ಎರಡನೆಯ ಸ್ಥಾನದಲ್ಲಿದ್ದ ಚೆನ್ನೈಯಿನ್ ಬಳಿ 32. 2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಫೈನಲ್‌ನ ಒಂಬತ್ತನೆಯ ನಿಮಿಷದಲ್ಲೇ ಬೆಂಗಳೂರಿನ ಸುನಿಲ್ ಛೆಟ್ರಿ ಗೋಲು ಹೊಡೆದರು. ಆದರೆ ಚೆನ್ನೈಯಿನ್ ತಂಡದ ಮೈಲ್ಸನ್ ಆಲ್ವೆಸ್ ವಿರಾಮಕ್ಕೆ ಮೊದಲೇ ಎರಡು ಗೋಲು ತಿರುಗಿಸಿದರು, ರಫಾಯೆಲ್ ಅಗಸ್ಟೊ ಮೂರನೆಯದನ್ನು ಸೇರಿಸಿದರು, ಬೆಂಗಳೂರಿನ ಮಿಕು ಕೊನೆಯ ಗಳಿಗೆಯಲ್ಲಿ ಹೊಡೆದದ್ದು ಸಾಲದೆ ಕಪ್ 3–2ರಿಂದ ಚೆನ್ನೈಯಿನ್ ಪಾಲಾಯಿತು. ಅದಕ್ಕೂ ಮೊದಲು ಐ-ಲೀಗ್ ಎಂಬ ಇನ್ನೊಂದು ರಾಷ್ಟ್ರೀಯ ಲೀಗ್‌ನಲ್ಲಿ ಆಡುತ್ತಿದ್ದಾಗ ಇದೇ ತಂಡ 2013–14ರಲ್ಲೂ 2015–16ರಲ್ಲೂ ಯಾವ ಫೈನಲನ್ನೂ ಆಡದೆ, ಅಂಕಪಟ್ಟಿಯ ತುದಿಯಲ್ಲಿ ನಿಂತೇ ಚಾಂಪಿಯನ್ ಆಗಿತ್ತು. ತಂಡ ಅದೇ, ಊರು ಅದೇ. ಬದಲಾದದ್ದು ಚಾಂಪಿಯನ್ ಯಾರೆಂದು ಗೊತ್ತುಮಾಡುವ ಕ್ರಮ ಮಾತ್ರ.

ನ್ಯಾಯದ ಪ್ರಶ್ನೆಗೆ ಉತ್ತರಿಸುವ ಮೊದಲು ಈ ಎರಡು ಕ್ರಮಗಳು ಅಳೆಯುವುದು ಒಂದನ್ನೇ ಅಲ್ಲ ಎಂಬುದನ್ನು ಗಮನಿಸಬೇಕು. ಎಲ್ಲರೂ ಎಲ್ಲರೊಂದಿಗೆ ತವರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡುವ ಲೀಗ್, ಇಡೀ ಋತುವಿನಲ್ಲಿ ಒಟ್ಟಾರೆ ಯಾರು ಚೆನ್ನಾಗಿ ಆಡಿದರು ಎಂದು ಹೇಳುತ್ತದೆ. ಗಾಯಾಳುಗಳು, ರೆಫರಿಯ ತಪ್ಪು, ಒಂದು ದಿನದ ಅದೃಷ್ಟ ಎಲ್ಲವೂ ಅಲ್ಲಿ ಕಾಲಕ್ರಮದಲ್ಲಿ ಸರಿದೂಗುತ್ತವೆ. ಒತ್ತಡದ ಒಂದೆರಡು ಪಂದ್ಯಗಳಲ್ಲಿ ಯಾರು ನಿಲ್ಲುತ್ತಾರೆ ಎಂಬುದನ್ನು ಪ್ಲೇಆಫ್ ಹೇಳುತ್ತದೆ. ಎರಡನೆಯದರ ಉತ್ತರವನ್ನು ಮೊದಲನೆಯದರ ಉತ್ತರವೆಂದು ಸಾರಿದಾಗಲೇ ಅನ್ಯಾಯವಾಯಿತೆಂಬ ಭಾವನೆ ಹುಟ್ಟುವುದು.

ಬ್ರೆಜಿಲ್ ದೇಶದ ಅನುಭವ ಇಲ್ಲಿ ನೆನೆಯತಕ್ಕದ್ದು. ಅಲ್ಲಿಯ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ 2002ರಲ್ಲಿ ಮೊದಲ ಹಂತದ ನಂತರ ಎಂಟನೆಯ, ಎಂದರೆ ಅರ್ಹತೆಯ ಕಟ್ಟಕಡೆಯ ಸ್ಥಾನದಲ್ಲಿದ್ದ ಸಾಂತೋಸ್ ತಂಡವೇ ಸೋತವರು ಹೊರಬೀಳುವ ನಾಕೌಟ್ ಹಂತವನ್ನು ದಾಟಿ ಪ್ರಶಸ್ತಿ ಗೆದ್ದಿತು. ಮರುವರ್ಷದಿಂದ ಬ್ರೆಜಿಲ್ ಪ್ಲೇಆಫ್ ಕೈಬಿಟ್ಟು ಎರಡು ಸುತ್ತಿನ ಲೀಗ್‌ಗೆ ಬಂದಿತು. 2003ರಲ್ಲಿ ಕ್ರುಜೇರೊ 24 ತಂಡಗಳ ನಡುವೆ 46 ಪಂದ್ಯಗಳಲ್ಲಿ 100 ಅಂಕ ಗಳಿಸಿ ಯಾರೂ ಚಕಾರವೆತ್ತದಂತೆ ಗೆದ್ದಿತು. ಅಮೆರಿಕದ ಮೇಜರ್ ಲೀಗ್ ಸಾಕರ್‌ನ ದಾರಿ ಇದಕ್ಕೆ ತದ್ವಿರುದ್ಧ. ಅಲ್ಲಿ 2024ರಲ್ಲಿ ಲಯೊನೆಲ್ ಮೆಸ್ಸಿ ಇದ್ದ ಇಂಟರ್ ಮಯಾಮಿ ಆ ಲೀಗ್‌ನ ದಾಖಲೆಯಾದ 74 ಅಂಕ ಗಳಿಸಿ, ಪ್ಲೇಆಫ್‌ನ ಮೊದಲ ಮೆಟ್ಟಿಲಲ್ಲೇ 40 ಅಂಕದ ಅಟ್ಲಾಂಟಾ ಯುನೈಟೆಡ್‌ಗೆ ಮೂರು ಪಂದ್ಯಗಳ ಸರಣಿಯನ್ನು 2–1ರಿಂದ ಸೋತಿತು. ಋತುವಿಡೀ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತಾಯಿತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಅಲ್ಲಿ ಅಂಕಪಟ್ಟಿಯ ಅಗ್ರಸ್ಥಾನಕ್ಕೆ ಸಪೋರ್ಟರ್ಸ್ ಶೀಲ್ಡ್ ಎಂಬ ಪ್ರತ್ಯೇಕ ಪ್ರಶಸ್ತಿ ಇರುವುದರಿಂದ ಮಯಾಮಿ ಬರಿಗೈಯಲ್ಲಿ ಹೋಗಲಿಲ್ಲ.

ಇಂಡಿಯನ್ ಸೂಪರ್ ಲೀಗ್ 2019–20ರಲ್ಲಿ ಲೀಗ್ ವಿನ್ನರ್ಸ್ ಶೀಲ್ಡ್ ತಂದದ್ದು ಇದೇ ತರ್ಕದಿಂದ. ಅದನ್ನು ಮೊದಲು ಗೆದ್ದ ಎಫ್‌ಸಿ ಗೋವಾ ಸೆಮಿಫೈನಲ್‌ನ ಎರಡು ಪಂದ್ಯ ಸೇರಿ ಒಟ್ಟು 5–6ರಿಂದ ಚೆನ್ನೈಯಿನ್‌ಗೆ ಸೋತರೂ, ಶೀಲ್ಡ್‌ನ ಬಲದಿಂದಲೇ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತಕ್ಕೆ ಹೋದ ಮೊದಲ ಭಾರತೀಯ ಕ್ಲಬ್ ಆಯಿತು. 2018ರಲ್ಲಿ ಬೆಂಗಳೂರಿಗೆ ದಕ್ಕದೆ ಹೋದದ್ದು ಈ ಮನ್ನಣೆ.

ಒಂದು ಮಾತನ್ನು ಮಾತ್ರ ಹೇಳದೆ ಬಿಡುವಂತಿಲ್ಲ. ಪ್ಲೇಆಫ್‌ಗೆ ಆರು ತಂಡಗಳನ್ನು ಸೇರಿಸತೊಡಗಿದ 2022–23ರಲ್ಲಿ ಬೆಂಗಳೂರು 34 ಅಂಕದೊಂದಿಗೆ ನಾಲ್ಕನೆಯ ಸ್ಥಾನದಲ್ಲಿತ್ತು. ಛೆಟ್ರಿ ಬೇಗನೆ ತೆಗೆದ ಫ್ರೀಕಿಕ್‌ನ ಗೋಲನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರನಡೆದ ಆ ಪಂದ್ಯವನ್ನು ದಾಟಿ, 46 ಅಂಕ ಗಳಿಸಿ ಶೀಲ್ಡ್ ಗೆದ್ದಿದ್ದ ಮುಂಬೈ ಸಿಟಿಯನ್ನು ಸೆಮಿಫೈನಲ್‌ನ ಪೆನಾಲ್ಟಿ ಶೂಟೌಟ್‌ನಲ್ಲಿ 9–8ರಿಂದ ಮಣಿಸಿ, ಅದು ಫೈನಲ್ ತಲುಪಿತು. ಇನ್ನೊಂದು ಸೆಮಿಫೈನಲ್‌ನಲ್ಲಿ 42 ಅಂಕದ ಹೈದರಾಬಾದ್ ಕೂಡ ಪೆನಾಲ್ಟಿಯಲ್ಲೇ ಹೊರಬಿದ್ದು, ತಲಾ 34 ಅಂಕದ ಎರಡು ತಂಡಗಳು ಕಪ್‌ಗಾಗಿ ಆಡಿದವು. 2018ರ ಮಾರ್ಚ್‌ನಲ್ಲಿ ಈ ಪದ್ಧತಿಯನ್ನು ಶಪಿಸಿದ ನಮ್ಮವರು 2023ರ ಮಾರ್ಚ್‌ನಲ್ಲಿ ಮುಂಬೈ ಪರವಾಗಿ ಮರುಗಿದ್ದನ್ನು ನಾವಂತೂ ಕೇಳಿಲ್ಲ.

ನಮ್ಮ ಅಭಿಪ್ರಾಯ ಇಷ್ಟು. ಪ್ಲೇಆಫ್ ಇರುವುದೇ ಅನ್ಯಾಯವಲ್ಲ. ಮೊದಲ ಸ್ಥಾನಕ್ಕೂ ನಾಲ್ಕನೆಯ ಸ್ಥಾನಕ್ಕೂ ಒಂದೇ ಬೆಲೆ ಕಟ್ಟುವ ಪ್ಲೇಆಫ್ ಅನ್ಯಾಯ. ಸೂಪರ್ ಲೀಗ್‌ನ ಮೊದಲ ವರ್ಷಗಳಲ್ಲಿ ಮೊದಲ ನಾಲ್ಕು ತಂಡಗಳು ನೇರ ಸೆಮಿಫೈನಲ್‌ಗೆ ಇಳಿಯುತ್ತಿದ್ದುದರಿಂದ ಮೊದಲ ಸ್ಥಾನಕ್ಕೆ ಹೇಳಿಕೊಳ್ಳುವಂಥ ಲಾಭವೇ ಇರಲಿಲ್ಲ. 2022–23ರಿಂದ 2024–25ರವರೆಗಿನ ಕ್ರಮದಲ್ಲಿ ಮೊದಲ ಎರಡು ತಂಡಗಳು ನೇರವಾಗಿ ಸೆಮಿಫೈನಲ್‌ಗೆ ಹೋಗಿ, ಮೂರರಿಂದ ಆರರವರೆಗಿನವರು ಒಂದೇ ಪಂದ್ಯದ ನಾಕೌಟ್ ದಾಟಿ ಬರಬೇಕಾಗಿದ್ದುದು ಅಷ್ಟರಮಟ್ಟಿಗೆ ಮೇಲು.

ಪ್ರಶ್ನೆ: ಇಂಗ್ಲೆಂಡಿನಲ್ಲಿ 20 ತಂಡ, ಜರ್ಮನಿಯಲ್ಲಿ 18, ನಮ್ಮಲ್ಲಿ ಮೊದಲು 8, ಆಮೇಲೆ 10, 11, 12, 13. ಈ ಸಂಖ್ಯೆಗಳನ್ನು ಯಾವ ಆಧಾರದ ಮೇಲೆ ಗೊತ್ತುಮಾಡುತ್ತಾರೆ? ಒಂದೆರಡು ತಂಡ ಹೆಚ್ಚಾದರೆ ಏನಾಗುತ್ತದೆ?
– ಕಾಲೇಜು ವಿದ್ಯಾರ್ಥಿ, ಕುಮಟಾ

ಉತ್ತರ: ಒಂದೆರಡು ತಂಡ ಹೆಚ್ಚಾದರೆ ಆಗುವುದು ಒಂದೆರಡು ಪಂದ್ಯದ ವ್ಯತ್ಯಾಸವಲ್ಲ ಎಂಬಲ್ಲಿಂದ ಆರಂಭಿಸೋಣ. ಎರಡು ಸುತ್ತಿನ ಲೀಗ್‌ನಲ್ಲಿ ತಂಡಗಳ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ಪಂದ್ಯಗಳು ಸಿಗುತ್ತವೆ. 2014ರಲ್ಲಿ ಎಂಟು ತಂಡಗಳಿದ್ದಾಗ ಸೂಪರ್ ಲೀಗ್ ಹಂತದಲ್ಲಿ 56 ಪಂದ್ಯಗಳಿದ್ದವು, ಹತ್ತಾದಾಗ 90, 2024–25ರಲ್ಲಿ ಹದಿಮೂರಾದಾಗ 156. ಹನ್ನೆರಡು ತಂಡಗಳ ಲೀಗ್‌ಗೆ ಇನ್ನೊಂದೇ ಒಂದನ್ನು ಸೇರಿಸಿದರೆ 24 ಪಂದ್ಯ ಹೆಚ್ಚುತ್ತವೆ, ಅವಕ್ಕೆ ಮೈದಾನ, ಪ್ರಯಾಣ, ರೆಫರಿ, ಟಿ.ವಿ. ಸಮಯ ಎಲ್ಲ ಹೊಂದಿಸಬೇಕು. ಬೆಸ ಸಂಖ್ಯೆಯಾದರೆ ಪ್ರತಿ ಸುತ್ತಿನಲ್ಲೂ ಒಂದು ತಂಡ ಆಟವಿಲ್ಲದೆ ಕೂರಬೇಕಾಗುವುದರಿಂದ ಅಂಕಪಟ್ಟಿಯಲ್ಲಿ ತಂಡಗಳು ಆಡಿದ ಪಂದ್ಯಗಳ ಸಂಖ್ಯೆ ಸದಾ ಏರುಪೇರಾಗಿರುತ್ತದೆ. ಓದುವವರಿಗೆ ಅದು ಕಿರಿಕಿರಿ.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 1992ರಲ್ಲಿ ಆರಂಭವಾದಾಗ 22 ತಂಡಗಳಿದ್ದು ಪ್ರತಿಯೊಂದೂ 42 ಪಂದ್ಯ ಆಡುತ್ತಿತ್ತು. 1995ರಲ್ಲಿ ನಾಲ್ಕು ತಂಡಗಳನ್ನು ಕೆಳಗಿಳಿಸಿ ಎರಡನ್ನಷ್ಟೇ ಮೇಲೆ ತಂದು ಸಂಖ್ಯೆಯನ್ನು 20ಕ್ಕೆ ಇಳಿಸಿದರು. ಒಟ್ಟು ಪಂದ್ಯಗಳು 462ರಿಂದ 380ಕ್ಕೆ ಬಂದವು. ಫ್ರಾನ್ಸ್ 2023–24ರಿಂದ 20ರ ಬದಲು 18 ತಂಡಗಳನ್ನಿಟ್ಟುಕೊಂಡಿದೆ. 18 ತಂಡಗಳ ಜರ್ಮನಿಯಲ್ಲಿ ತಲಾ 34 ಪಂದ್ಯಗಳಷ್ಟೇ ಇರುವುದರಿಂದ ಚಳಿಗಾಲದ ಬಿಡುವಿಗೂ ಯುರೋಪಿನ ಕಪ್‌ಗಳಿಗೂ ಜಾಗ ಸಿಗುತ್ತದೆ. ಹಾಗಾಗಿ ಸಂಖ್ಯೆಯನ್ನು ಮೊದಲು ಕಟ್ಟಿಹಾಕುವುದು ಪಂಚಾಂಗ, ಅಂದರೆ ವರ್ಷದಲ್ಲಿ ಆಡಲು ಸಿಗುವ ವಾರಗಳು.

ಎರಡನೆಯ ಅಂಶ ಕಣ್ಣಿಗೆ ಅಷ್ಟು ಬೇಗ ಬೀಳುವುದಿಲ್ಲ. ಲೀಗ್ ದೊಡ್ಡದಾದಷ್ಟೂ ಮೇಲೆ ಏರುವ ಆಸೆಯೂ ಕೆಳಗೆ ಬೀಳುವ ಭಯವೂ ಇಲ್ಲದ ತಂಡಗಳು ನಡುವೆ ಹೆಚ್ಚುತ್ತವೆ, ಕೊನೆಯ ತಿಂಗಳಲ್ಲಿ ಅವುಗಳ ಪಂದ್ಯ ಬರೀ ಕಾಟಾಚಾರವಾಗುತ್ತದೆ. ಈ ರೋಗಕ್ಕೆ ಇಂಗ್ಲೆಂಡಿನ ಕೆಳ ದರ್ಜೆಗಳು ಕಂಡುಕೊಂಡ ಮದ್ದು ಬಡ್ತಿಯ ಪ್ಲೇಆಫ್. 24 ತಂಡಗಳು 46 ಪಂದ್ಯ ಆಡುವ ಎರಡನೆಯ ದರ್ಜೆಯಲ್ಲಿ ಮೊದಲ ಎರಡು ತಂಡಗಳು ನೇರ ಮೇಲೇರಿ, ಅವುಗಳ ಬೆನ್ನಿಗಿರುವ ಕೆಲವು ತಂಡಗಳು ಉಳಿದ ಒಂದು ಸ್ಥಾನಕ್ಕಾಗಿ ಹೋರಾಡುವ ಕ್ರಮದಲ್ಲಿ, ಹತ್ತನೆಯ ಸ್ಥಾನದಲ್ಲಿರುವವರಿಗೂ ಏಪ್ರಿಲ್‌ವರೆಗೆ ಆಸೆ ಜೀವಂತವಾಗಿರುತ್ತದೆ. 2010ರಲ್ಲಿ ಆರನೆಯ ಸ್ಥಾನದಲ್ಲಿದ್ದ ಬ್ಲ್ಯಾಕ್‌ಪೂಲ್ ಹೀಗೆಯೇ ವೆಂಬ್ಲಿಯಲ್ಲಿ ಕಾರ್ಡಿಫ್ ತಂಡವನ್ನು 3–2ರಿಂದ ಸೋಲಿಸಿ ಪ್ರೀಮಿಯರ್ ಲೀಗ್ ಸೇರಿತು. ಇಲ್ಲಿ ಒಂದು ವಿಶೇಷವನ್ನು ಗಮನಿಸಿ: ದರ್ಜೆಯ ಚಾಂಪಿಯನ್ ಯಾರೆಂಬುದನ್ನು ಅಂಕಪಟ್ಟಿಯೇ ಹೇಳುತ್ತದೆ, ಪ್ಲೇಆಫ್ ಆ ಗೌರವವನ್ನು ಮುಟ್ಟುವುದಿಲ್ಲ.

ಚಿಕ್ಕ ದೇಶಗಳ ಕಷ್ಟ ಬೇರೆ. ಸ್ಕಾಟ್ಲೆಂಡಿನ ಮೇಲ್ದರ್ಜೆಯಲ್ಲಿರುವುದು 12 ತಂಡ. ಎರಡು ಸುತ್ತಿಗೆ 22 ಪಂದ್ಯ, ಅದು ಕಡಿಮೆ. ನಾಲ್ಕು ಸುತ್ತಿಗೆ 44, ಅದು ವಿಪರೀತ. ಆದ್ದರಿಂದ ಮೂರು ಸುತ್ತು ಆಡಿಸಿ, 33 ಪಂದ್ಯಗಳ ನಂತರ ಪಟ್ಟಿಯನ್ನು ಮೇಲಿನ ಆರು, ಕೆಳಗಿನ ಆರು ಎಂದು ಸೀಳಿ, ಆಯಾ ಅರ್ಧದೊಳಗೆ ಇನ್ನೈದು ಪಂದ್ಯ ಆಡಿಸಿ 38ಕ್ಕೆ ತರುತ್ತಾರೆ. ಸೀಳಿದ ಮೇಲೆ ಏಳನೆಯ ತಂಡ ಆರನೆಯದಕ್ಕಿಂತ ಹೆಚ್ಚು ಅಂಕ ಗಳಿಸಿದರೂ ಏಳನೆಯದಾಗಿಯೇ ಉಳಿಯಬೇಕೆಂಬ ವಿಚಿತ್ರವೂ ಅದರಲ್ಲಿದೆ. ಬೆಲ್ಜಿಯಂ 2009–10ರಲ್ಲಿ ಇನ್ನೂ ಮುಂದೆ ಹೋಗಿ, ಕೊನೆಯ ಹಂತಕ್ಕೆ ಮೊದಲು ಎಲ್ಲರ ಅಂಕಗಳನ್ನು ಅರ್ಧಕ್ಕಿಳಿಸುವ ನಿಯಮ ತಂದಿತು. 2023–24ರಲ್ಲಿ 70 ಅಂಕದ ಯೂನಿಯನ್ ತಂಡವನ್ನು ಹಿಂದಿಕ್ಕಿ, 51 ಅಂಕದೊಂದಿಗೆ ನಾಲ್ಕನೆಯದಾಗಿದ್ದ ಕ್ಲಬ್ ಬ್ರೂಗೆ ತಂಡಕ್ಕೆ ಚಾಂಪಿಯನ್ ಆಗಲು ಸಾಧ್ಯವಾದದ್ದು 19 ಅಂಕಗಳ ಅಂತರ ಒಂಬತ್ತಕ್ಕೆ ಇಳಿದದ್ದರಿಂದ. ಕುತೂಹಲ ಉಳಿಸಿಕೊಳ್ಳುವ ಉಪಾಯವಾಗಿ ಇದನ್ನು ಒಪ್ಪಬಹುದೇನೋ. ಗಳಿಸಿದ್ದನ್ನು ಕಿತ್ತುಕೊಳ್ಳುವ ನಿಯಮ ನಮಗಂತೂ ರುಚಿಸುವುದಿಲ್ಲ.

ನಮ್ಮ ಸೂಪರ್ ಲೀಗ್‌ನಿಂದ ಐ-ಲೀಗ್‌ಗೆ ಕೆಳಗಿಳಿಯುವ ಪದ್ಧತಿ 2024–25ರವರೆಗೂ ಜಾರಿಗೆ ಬರಲಿಲ್ಲ. ಐ-ಲೀಗ್ ಗೆದ್ದು ಪಂಜಾಬ್, ಮೊಹಮ್ಮದನ್ ತಂಡಗಳು ಮೇಲೆ ಬಂದವು, ಆದರೆ ಮೇಲಿನಿಂದ ಯಾರೂ ಇಳಿಯಲಿಲ್ಲ. ಕೆಳಗೆ ಭಯವಿಲ್ಲದ ಲೀಗ್‌ನಲ್ಲಿ ಮಧ್ಯದ ತಂಡಗಳನ್ನು ಎಚ್ಚರವಾಗಿಡಲು ಉಳಿಯುವ ಒಂದೇ ಸಾಧನ ಆರನೆಯ ಸ್ಥಾನದ ಗೆರೆ. ಆದ್ದರಿಂದ ಇಲ್ಲಿ ಪ್ಲೇಆಫ್ ಬೇಡವೆನ್ನುವವರು ಹಿಂಬಡ್ತಿ ಬೇಕೆಂದೂ ಜೊತೆಗೇ ಹೇಳಬೇಕಾಗುತ್ತದೆ. ಇನ್ನು, 2026ರ ಫೆಬ್ರುವರಿಯಿಂದ ನಡೆಸುವುದಾಗಿ ತಡವಾಗಿ ಗೊತ್ತುಮಾಡಿದ 2025–26ರ ಋತುವಿಗೆ 14 ತಂಡಗಳ ಒಂದೇ ಸುತ್ತು, 91 ಪಂದ್ಯ ಎಂದು ನಿಗದಿಪಡಿಸಿದ್ದು ಕಾಲದ ಅಭಾವದಿಂದ ಹುಟ್ಟಿದ ಏರ್ಪಾಡು. ತಲಾ 13 ಪಂದ್ಯವೆಂದಾಗ ತವರಿನ ಪಂದ್ಯಗಳು ಎಲ್ಲರಿಗೂ ಸಮವಾಗಿ ಸಿಗುವುದು ಲೆಕ್ಕದಿಂದಲೇ ಅಸಾಧ್ಯ.

ಪ್ರಶ್ನೆ: ಯುರೋಪಿನ ಚಾಂಪಿಯನ್ಸ್ ಲೀಗ್‌ನಲ್ಲಿ ಈಗ 36 ತಂಡಗಳ ಒಂದೇ ಪಟ್ಟಿ ಇದೆ, ಆದರೆ ಪ್ರತಿ ತಂಡ ಆಡುವುದು ಎಂಟೇ ಪಂದ್ಯ. ಇಂಥ ಪಟ್ಟಿಯನ್ನು ನಂಬಬಹುದೇ?
– ಓದುಗರೊಬ್ಬರು, ಭಟ್ಕಳ

ಉತ್ತರ: ಅರ್ಧ ನಂಬಬಹುದು. 36 ತಂಡಗಳು ಪರಸ್ಪರ ಒಂದೊಂದು ಸಲ ಆಡಿದರೂ 630 ಪಂದ್ಯ ಬೇಕು, ನಡೆಯುವುದು 144. ಎದುರಾಳಿಗಳನ್ನು ಬಲಾಬಲದ ನಾಲ್ಕು ಬುಟ್ಟಿಗಳಿಂದ ಇಬ್ಬಿಬ್ಬರಂತೆ ಚೀಟಿ ಎತ್ತಿ ಕೊಡುವುದರಿಂದ ಕಷ್ಟಸುಖ ಸುಮಾರಾಗಿ ಸಮನಾಗುತ್ತದೆ, ಆದರೂ ಒಂಬತ್ತನೆಯ ಮತ್ತು ಹದಿನೈದನೆಯ ಸ್ಥಾನಗಳ ನಡುವೆ ನಿಜವಾದ ಅಂತರವಿದೆ ಎಂದು ಎಂಟು ಪಂದ್ಯಗಳಿಂದ ಹೇಳಲಾಗದು. ಈ ಕ್ರಮ ಬಂದ 2024–25ರಲ್ಲೇ ಮೊದಲ ಸ್ಥಾನದ ಲಿವರ್‌ಪೂಲ್ ತಂಡವನ್ನು ಹದಿನೈದನೆಯ ಸ್ಥಾನದ ಪ್ಯಾರಿಸ್ ಸೇಂಟ್ ಜರ್ಮೇನ್ ಪೆನಾಲ್ಟಿಯಲ್ಲಿ ಹೊರಹಾಕಿ, ಮೇ 31ರ ಫೈನಲ್‌ನಲ್ಲಿ ಇಂಟರ್ ತಂಡವನ್ನು 5–0ರಿಂದ ಮಣಿಸಿ ಕಪ್ ಎತ್ತಿತು. ಪಟ್ಟಿಯ ಮೊದಲ ಎಂಟು ತಂಡಗಳಿಗೆ ಸಿಗುವ ಮುಖ್ಯ ಲಾಭ ಹೆಚ್ಚುವರಿ ಸುತ್ತೊಂದು ತಪ್ಪುವುದು. ಲಿವರ್‌ಪೂಲ್ ಪಾಲಿಗೆ ಅದು ಮೂಗಿಗೆ ತುಪ್ಪ ಸವರಿದಂತಾಯಿತು. ಹಳೆಯ ನಾಲ್ಕು ತಂಡಗಳ ಗುಂಪುಗಳಲ್ಲಿ ಕೊನೆಯ ಪಂದ್ಯಗಳು ಅನೇಕ ಸಲ ನೀರಸವಾಗಿರುತ್ತಿದ್ದವು, ಈಗ ಹಾಗಿಲ್ಲ ಎಂಬುದನ್ನೂ ಹೇಳಬೇಕು.

ಪ್ರಶ್ನೆ: ನಮ್ಮ ಯುವಕ ಮಂಡಳದಿಂದ ದೀಪಾವಳಿಯ ನಂತರ ಫುಟ್‌ಬಾಲ್ ಟೂರ್ನಿ ನಡೆಸಬೇಕೆಂದಿದ್ದೇವೆ. ಹತ್ತು ತಂಡಗಳು ಒಪ್ಪಿವೆ. ಇರುವುದು ಒಂದೇ ಮೈದಾನ, ಶನಿವಾರ ಮತ್ತು ಭಾನುವಾರ ಮಾತ್ರ ಸಿಗುತ್ತದೆ, ಲೈಟಿನ ವ್ಯವಸ್ಥೆ ಇಲ್ಲ. ನಾಕೌಟ್ ಮಾಡಬೇಕೆಂದು ಕೆಲವರು, ಗುಂಪು ಮಾಡಬೇಕೆಂದು ಕೆಲವರು. ಯಾವುದು ಸರಿ?
– ಸಂಘಟಕರು, ಕಾರವಾರ

ಉತ್ತರ: ನಾಕೌಟ್ ಆದರೆ ಒಂಬತ್ತೇ ಪಂದ್ಯ, ಎರಡು ವಾರದಲ್ಲಿ ಮುಗಿಯುತ್ತದೆ. ಆದರೆ ಹತ್ತು ತಂಡಗಳಲ್ಲಿ ನಾಲ್ಕರಿಂದ ಆರು ತಂಡ ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ. ಜೊಯಿಡಾದಿಂದಲೋ ಹಳಿಯಾಳದಿಂದಲೋ ಟೆಂಪೊ ಬಾಡಿಗೆ ಕೊಟ್ಟು, ಘಟ್ಟ ಇಳಿದು ಬಂದ ಹುಡುಗರು ಎಪ್ಪತ್ತು ನಿಮಿಷ ಆಡಿ ಹಿಂತಿರುಗಿದರೆ ಮುಂದಿನ ವರ್ಷ ಅವರು ಬರುವರೆಂದು ನಂಬುವುದು ಕಷ್ಟ. ಐದೈದರ ಎರಡು ಗುಂಪು ಮಾಡಿದರೆ ಗುಂಪಿಗೆ ಹತ್ತರಂತೆ 20 ಪಂದ್ಯ, ಸೆಮಿಫೈನಲ್ ಮತ್ತು ಫೈನಲ್ ಸೇರಿ 23. ವಾರಕ್ಕೆ ನಾಲ್ಕೈದು ಪಂದ್ಯದ ಲೆಕ್ಕದಲ್ಲಿ ಐದಾರು ವಾರ ಸಾಕು. ಆದರೆ ಗುಂಪು ಐದರದ್ದಾದಾಗ ಪ್ರತಿ ಸುತ್ತಿನಲ್ಲೂ ಒಬ್ಬರು ಸುಮ್ಮನೆ ಕೂರಬೇಕು, ಎರಡು ಗುಂಪುಗಳ ಬಲ ಸಮನಾಗಿರುವುದಿಲ್ಲ, ಕಷ್ಟದ ಗುಂಪಿಗೆ ಬಿದ್ದವರ ಗೊಣಗಾಟ ಫೈನಲ್‌ವರೆಗೂ ತಪ್ಪುವುದಿಲ್ಲ. ನಾಲ್ಕೇ ಪಂದ್ಯಗಳಲ್ಲಿ ಒಂದು ಸೋಲು ಎಂದರೆ ಕೆಲಸ ಕೆಟ್ಟಂತೆ.

ತಮಗೆ ಹನ್ನೊಂದು ವಾರ ಸಿಗುವುದಾದರೆ ಹತ್ತೂ ತಂಡಗಳ ಒಂದು ಸುತ್ತಿನ ಲೀಗನ್ನೇ ನಡೆಸಿ. 45 ಪಂದ್ಯ, ಒಂಬತ್ತು ಸುತ್ತು, ಸುತ್ತಿಗೆ ಐದು. ಎಂದರೆ ವಾರಕ್ಕೊಂದು ಸುತ್ತು, ಆಮೇಲೆ ಎರಡು ವಾರ ಪ್ಲೇಆಫ್. ನವೆಂಬರ್ ಮಧ್ಯದಲ್ಲಿ ಆರಂಭಿಸಿದರೆ ಜನವರಿ ಕೊನೆಗೆ ಮುಗಿಯುತ್ತದೆ, ಕಾಲೇಜಿನ ಹುಡುಗರ ಪರೀಕ್ಷೆಗೆ ಅಡ್ಡಿಯಾಗುವುದಿಲ್ಲ. 35 ನಿಮಿಷದ ಎರಡು ಅವಧಿ, ನಡುವೆ ಹತ್ತು ನಿಮಿಷ ಬಿಡುವು ಎಂದಿಟ್ಟುಕೊಂಡರೆ ಒಂದು ಪಂದ್ಯಕ್ಕೆ 80 ನಿಮಿಷ. ಶನಿವಾರ ಮಧ್ಯಾಹ್ನ ಮೂರಕ್ಕೊಂದು, ನಾಲ್ಕೂವರೆಗೊಂದು. ಭಾನುವಾರ ಬೆಳಿಗ್ಗೆ ಏಳೂವರೆಗೊಂದು, ಮತ್ತೆ ಮಧ್ಯಾಹ್ನ ಎರಡು. ನಾಲ್ಕೂವರೆಯ ಪಂದ್ಯ ಆರಕ್ಕೆ ಹತ್ತು ನಿಮಿಷವಿರುವಾಗ ಮುಗಿಯುತ್ತದೆ. ನಮ್ಮ ಕಡೆ ಆ ತಿಂಗಳುಗಳಲ್ಲಿ ಅದಕ್ಕಿಂತ ಹೆಚ್ಚು ಬೆಳಕನ್ನು ನೆಚ್ಚುವಂತಿಲ್ಲ. ಅದೇ ಕಾರಣಕ್ಕೆ ಪ್ಲೇಆಫ್‌ನಲ್ಲಿ ಹೆಚ್ಚುವರಿ ಅವಧಿ ಇಟ್ಟುಕೊಳ್ಳಬೇಡಿ, ಸಮವಾದರೆ ನೇರ ಪೆನಾಲ್ಟಿ ಎಂದು ಮೊದಲೇ ಬರೆದಿಡಿ. ಫೈನಲ್ ದಿನ ಮುಖ್ಯ ಅತಿಥಿಗಳ ಭಾಷಣವನ್ನು ಪಂದ್ಯದ ನಂತರಕ್ಕೆ ಇಟ್ಟುಕೊಳ್ಳುವುದೂ ಇದೇ ಲೆಕ್ಕಕ್ಕೆ ಸೇರಿದ್ದು.

ವೇಳಾಪಟ್ಟಿ ಬರೆಯಲು ಯಾವ ಕಂಪ್ಯೂಟರೂ ಬೇಡ. ಮೇಲಿನ ಸಾಲಿನಲ್ಲಿ 1ರಿಂದ 5, ಅದರ ಕೆಳಗೆ 10ರಿಂದ 6 ಬರೆದು, ಮೇಲೆ ಕೆಳಗೆ ಎದುರುಬದುರಾದವರನ್ನು ಜೋಡಿ ಮಾಡಿದರೆ ಮೊದಲ ಸುತ್ತು ಸಿದ್ಧ. 1ನ್ನು ಅಲುಗಿಸದೆ ಉಳಿದ ಒಂಬತ್ತನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಒಂದೊಂದು ಮನೆ ಸರಿಸಿದರೆ ಎರಡನೆಯ ಸುತ್ತು: 1ಕ್ಕೆ 9, 10ಕ್ಕೆ 8, 2ಕ್ಕೆ 7, 3ಕ್ಕೆ 6, 4ಕ್ಕೆ 5. ಹೀಗೆ ಒಂಬತ್ತು ಸುತ್ತು ಮುಗಿಯುವಾಗ ಎಲ್ಲರೂ ಎಲ್ಲರೊಂದಿಗೆ ಒಮ್ಮೆ ಆಡಿರುತ್ತಾರೆ. ಯಾವ ತಂಡಕ್ಕೆ ಯಾವ ಸಂಖ್ಯೆ ಎಂಬುದನ್ನು ಎಲ್ಲ ನಾಯಕರ ಎದುರಿಗೆ ಚೀಟಿ ಎತ್ತಿಯೇ ಗೊತ್ತುಮಾಡಿ. ಭಾನುವಾರ ಬೆಳಗಿನ ಪಂದ್ಯ ಯಾರಿಗೂ ಇಷ್ಟವಿರುವುದಿಲ್ಲವಾದ್ದರಿಂದ ಅದನ್ನೂ ಸರದಿಯ ಮೇಲೆ ಹಂಚಬೇಕು, ದೂರದ ತಂಡಗಳಿಗೆ ಮಾತ್ರ ಅದರಿಂದ ವಿನಾಯಿತಿ ಕೊಡಬಹುದು.

ಅಂಕಪಟ್ಟಿಯ ಮೊದಲಿಗರಿಗೇ ಕಪ್ ಕೊಟ್ಟು ಮುಗಿಸಬಾರದೇಕೆ ಎಂದು ತಾವು ಕೇಳಬಹುದು. ಹಾಗೆ ಮಾಡಿದರೆ ತಪ್ಪೇನಿಲ್ಲ, ಆದರೆ ಬ್ಯಾನರ್ ಹಾಕಿಸುವ ಅಂಗಡಿಯವರಿಗೂ ಊರಿನ ಪ್ರೇಕ್ಷಕರಿಗೂ ಫೈನಲ್ ಎಂಬ ಒಂದು ದಿನ ಬೇಕು. ಅದಿಲ್ಲದೆ ಟೂರ್ನಿಯ ಖರ್ಚು ಹುಟ್ಟುವುದಿಲ್ಲ. ಆದ್ದರಿಂದ ಮೊದಲ ನಾಲ್ಕು ತಂಡಗಳಿಗೆ, ಐಪಿಎಲ್ ಕ್ರಿಕೆಟ್ 2011ರಿಂದ ಅನುಸರಿಸುತ್ತಿರುವ ಕ್ರಮವನ್ನೇ ಇಟ್ಟುಕೊಳ್ಳಿ. ಮೊದಲ ಮತ್ತು ಎರಡನೆಯ ಸ್ಥಾನದವರು ಆಡಲಿ, ಗೆದ್ದವರು ಫೈನಲ್‌ಗೆ ಹೋಗಲಿ. ಮೂರು ಮತ್ತು ನಾಲ್ಕನೆಯವರಲ್ಲಿ ಸೋತವರು ಹೊರಬೀಳಲಿ. ಮೊದಲ ಪಂದ್ಯದಲ್ಲಿ ಸೋತವರಿಗೂ ಎರಡನೆಯದರಲ್ಲಿ ಗೆದ್ದವರಿಗೂ ನಡೆಯುವ ಮೂರನೆಯ ಪಂದ್ಯ ಇನ್ನೊಬ್ಬ ಫೈನಲಿಸ್ಟ್ ಯಾರೆಂದು ತೀರ್ಮಾನಿಸಲಿ. ಒಂಬತ್ತು ವಾರ ಚೆನ್ನಾಗಿ ಆಡಿದವರಿಗೆ ಒಂದು ಕೆಟ್ಟ ದಿನವನ್ನು ಕ್ಷಮಿಸುವ ಅವಕಾಶ ಇದರಲ್ಲಿದೆ, ಮೂರನೆಯವರಿಗೆ ಅದಿಲ್ಲ. ಮೂರನೆಯ ಪಂದ್ಯವನ್ನು ಶನಿವಾರ ಇಟ್ಟು ಮರುದಿನವೇ ಫೈನಲ್ ಆಡಿಸಿದರೆ ಸುತ್ತು ಬಳಸಿ ಬಂದ ತಂಡ ದಣಿದಿರುತ್ತದೆ ಎಂಬುದು ನಿಜ. ನೇರ ದಾರಿಯಲ್ಲಿ ಬಂದವರಿಗೆ ಅದು ಸಲ್ಲಬೇಕಾದ ಲಾಭವೆಂದೇ ನಾವು ಎಣಿಸುತ್ತೇವೆ, ಆದರೆ ಹುಡುಗರು ಚಿಕ್ಕ ವಯಸ್ಸಿನವರಾದರೆ ಫೈನಲನ್ನು ಇನ್ನೊಂದು ವಾರ ಮುಂದೆ ಹಾಕಿ.

ಲೀಗ್‌ನ ದೊಡ್ಡ ಅಪಾಯ ಬೇರೆಯೇ ಇದೆ: ನಾಲ್ಕು ಪಂದ್ಯ ಸೋತ ತಂಡ ಐದನೆಯದಕ್ಕೆ ಬರುವುದೇ ಇಲ್ಲ. ಪ್ರವೇಶ ಶುಲ್ಕದ ಜೊತೆಗೆ ಒಂದು ಠೇವಣಿ ಪಡೆದು, ಕೊನೆಯ ಪಂದ್ಯ ಆಡಿದ ಮೇಲಷ್ಟೇ ಹಿಂತಿರುಗಿಸಿ. ಅರ್ಧಕ್ಕಿಂತ ಕಡಿಮೆ ಪಂದ್ಯ ಆಡಿ ಬಿಟ್ಟುಹೋದ ತಂಡದ ಎಲ್ಲ ಫಲಿತಾಂಶಗಳನ್ನೂ ಪಟ್ಟಿಯಿಂದ ಅಳಿಸುವುದು, ಅರ್ಧ ದಾಟಿದ ಮೇಲೆ ಬಿಟ್ಟರೆ ಉಳಿದವರಿಗೆ 3–0 ವಾಕ್‌ಓವರ್ ಕೊಡುವುದು ಎಂದು ನಿಯಮದಲ್ಲಿ ಬರೆದರೆ ಜಗಳ ಕಡಿಮೆ.

ಪ್ರಶ್ನೆ: ಎರಡು ತಂಡಗಳ ಅಂಕ ಸಮವಾದರೆ ಗೋಲುಗಳ ವ್ಯತ್ಯಾಸ ನೋಡಬೇಕೇ, ಪರಸ್ಪರ ಆಡಿದ ಪಂದ್ಯದ ಫಲಿತಾಂಶ ನೋಡಬೇಕೇ?
– ಓದುಗರೊಬ್ಬರು, ಅಂಕೋಲಾ

ಉತ್ತರ: ಎರಡೂ ರೂಢಿಯಲ್ಲಿವೆ. ಇಂಗ್ಲೆಂಡಿನಲ್ಲಿ 2011–12ರಲ್ಲಿ ಮ್ಯಾಂಚೆಸ್ಟರ್‌ನ ಎರಡೂ ತಂಡಗಳು 89 ಅಂಕ ಗಳಿಸಿದ್ದಾಗ ಸಿಟಿಗೆ ಪ್ರಶಸ್ತಿ ಬಂದದ್ದು ಗೋಲು ವ್ಯತ್ಯಾಸ (ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದು ಉಳಿದದ್ದು) 64 ಇದ್ದುದರಿಂದ; ಯುನೈಟೆಡ್‌ನದು 56. ನಮ್ಮಲ್ಲಿ 2018–19ರಲ್ಲಿ ಬೆಂಗಳೂರು ಮತ್ತು ಗೋವಾ ತಲಾ 34 ಅಂಕ ಗಳಿಸಿದ್ದವು, ಗೋವಾದ ಗೋಲು ವ್ಯತ್ಯಾಸವೇ ಚೆನ್ನಾಗಿತ್ತು, ಆದರೂ ಪರಸ್ಪರ ಪಂದ್ಯಗಳಲ್ಲಿ ಗೆದ್ದಿದ್ದ ಬೆಂಗಳೂರು ಮೇಲೆ ನಿಂತಿತು. ರೈಲು ಹತ್ತಿ ಮಡಗಾಂವಿಗೆ ಹೋಗಿ ಫತೋರ್ಡಾದಲ್ಲಿ ಪಂದ್ಯ ನೋಡಿ ಬರುವ ನಮ್ಮ ಜಿಲ್ಲೆಯ ಗೋವಾ ಅಭಿಮಾನಿಗಳಿಗೆ ಇದು ಹಿಡಿಸಿರಲಾರದು. ಊರಿನ ಲೀಗ್‌ಗಳಿಗೆ ನಮ್ಮ ಸಲಹೆ ಪರಸ್ಪರ ಪಂದ್ಯವೇ. ಎಂಟೇ ಆಟಗಾರರೊಂದಿಗೆ ಮೈದಾನಕ್ಕಿಳಿದ ದುರ್ಬಲ ತಂಡದ ಮೇಲೆ ಯಾರೋ ಹನ್ನೆರಡು ಗೋಲು ಹೊಡೆದದ್ದು ನಾಲ್ಕನೆಯ ಸ್ಥಾನವನ್ನು ತೀರ್ಮಾನಿಸುವಂತಾಗಬಾರದು.

ಪ್ರಶ್ನೆ: ಲೀಗ್‌ನ ಕೊನೆಯ ಸುತ್ತಿನಲ್ಲಿ ಎರಡು ತಂಡಗಳು ಒಳಗೊಳಗೇ ಹೊಂದಾಣಿಕೆ ಮಾಡಿಕೊಂಡು ಮೂರನೆಯ ತಂಡವನ್ನು ಹೊರಹಾಕುವುದನ್ನು ತಡೆಯುವುದು ಹೇಗೆ? ಒಂದೇ ಮೈದಾನವಿದ್ದಾಗ ಎಲ್ಲ ಪಂದ್ಯಗಳನ್ನು ಒಟ್ಟಿಗೆ ಆಡಿಸಲಾಗುವುದಿಲ್ಲವಲ್ಲ.
– ದೈಹಿಕ ಶಿಕ್ಷಣ ಶಿಕ್ಷಕರು, ಹೊನ್ನಾವರ

ಉತ್ತರ: ಈ ಕಾಯಿಲೆ ವಿಶ್ವಕಪ್‌ನಲ್ಲೇ ಕಾಣಿಸಿಕೊಂಡಿತ್ತು. 1982ರ ಜೂನ್ 25ರಂದು ಸ್ಪೇನಿನ ಗಿಹೋನ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ಆಡಿದಾಗ, ಅದೇ ಗುಂಪಿನ ಅಲ್ಜೀರಿಯಾ ಹಿಂದಿನ ದಿನವೇ ತನ್ನ ಕೊನೆಯ ಪಂದ್ಯ ಮುಗಿಸಿತ್ತು. ಜರ್ಮನಿ ಒಂದೆರಡು ಗೋಲುಗಳಿಂದ ಗೆದ್ದರೆ ಎರಡೂ ತಂಡಗಳು ಮುಂದೆ ಹೋಗುತ್ತವೆ, ಅಲ್ಜೀರಿಯಾ ಹೊರಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹತ್ತನೆಯ ನಿಮಿಷದಲ್ಲಿ ಜರ್ಮನಿಯ ಹ್ರುಬೆಷ್ ಗೋಲು ಹೊಡೆದರು. ಆಮೇಲೆ ಪಂದ್ಯ ಮುಗಿಯುವವರೆಗೆ ಎರಡೂ ಕಡೆಯವರು ಚೆಂಡನ್ನು ತಮ್ಮತಮ್ಮಲ್ಲೇ ತಳ್ಳಾಡುತ್ತ ಕಾಲ ಕಳೆದರು. ಅದರಿಂದಲೇ 1986ರಿಂದ ಪ್ರತಿ ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುತ್ತಾರೆ. 48 ತಂಡಗಳ 2026ರ ವಿಶ್ವಕಪ್‌ಗೆ ಮೊದಲು ಮೂರು ಮೂರು ತಂಡಗಳ 16 ಗುಂಪುಗಳೆಂದು ಯೋಚಿಸಿದ್ದನ್ನು ಬಿಟ್ಟು, 2023ರಲ್ಲಿ ನಾಲ್ಕು ನಾಲ್ಕರ 12 ಗುಂಪುಗಳಿಗೆ ಬಂದದ್ದರ ಹಿಂದೆಯೂ ಈ ಅಂಜಿಕೆ ಇತ್ತು; ಮೂವರ ಗುಂಪಿನಲ್ಲಿ ಕೊನೆಯ ದಿನ ಒಬ್ಬರು ಸುಮ್ಮನೆ ಕುಳಿತು ನೋಡಲೇಬೇಕಾಗುತ್ತದೆ.

ತಮ್ಮ ಪರಿಸ್ಥಿತಿಯಲ್ಲಿ ಮೊದಲ ತಡೆ ಪ್ಲೇಆಫ್‌ನ ರಚನೆಯಲ್ಲೇ ಇದೆ. ಮೊದಲ ನಾಲ್ವರಿಗೂ ಒಂದೇ ಬೆಲೆಯಿದ್ದರೆ ಮೂರನೆಯವರೂ ನಾಲ್ಕನೆಯವರೂ ಡ್ರಾ ಮಾಡಿಕೊಂಡು ಸಂತೋಷವಾಗಿರಬಹುದು. ಎರಡನೆಯ ಸ್ಥಾನಕ್ಕೆ ಎರಡು ಅವಕಾಶ, ಮೂರನೆಯದಕ್ಕೆ ಒಂದೇ ಎಂದಾದರೆ, ಇಬ್ಬರಿಗೂ ಏಕಕಾಲಕ್ಕೆ ಒಪ್ಪಿಗೆಯಾಗುವ ಫಲಿತಾಂಶ ಸಿಗುವುದೇ ಅಪರೂಪ.

ಎರಡನೆಯದಾಗಿ, ಕೊನೆಯ ಸುತ್ತಿನಲ್ಲಿ ಯಾರು ಯಾರೊಂದಿಗೆ ಆಡಬೇಕೆಂಬುದು ಮೊದಲೇ ಗೊತ್ತಿರಲಿ, ಆದರೆ ಯಾವ ಪಂದ್ಯ ಯಾವ ಹೊತ್ತಿಗೆ ಎಂಬುದನ್ನು ಅದರ ಹಿಂದಿನ ಸುತ್ತು ಮುಗಿದ ಮೇಲೆ ನಿರ್ಧರಿಸುವುದಾಗಿ ನಿಯಮದಲ್ಲೇ ಸೇರಿಸಿ. ಮೊದಲ ನಾಲ್ಕು ಸ್ಥಾನಗಳಿಗೆ ಸಂಬಂಧವಿಲ್ಲದ ಪಂದ್ಯಗಳನ್ನು ಶನಿವಾರ ಮುಗಿಸಿ, ಸಂಬಂಧವಿರುವ ಎರಡು ಪಂದ್ಯಗಳಿಗೆ ಭಾನುವಾರ ಮಧ್ಯಾಹ್ನಕ್ಕೆ ಮಾತ್ರ ಹತ್ತಿರದ ಶಾಲೆಯದೋ ಕಾಲೇಜಿನದೋ ಇನ್ನೊಂದು ಮೈದಾನ ಕೇಳಿ ಪಡೆದು ಒಟ್ಟಿಗೆ ಆರಂಭಿಸಿ. ಒಂದು ಮಧ್ಯಾಹ್ನದ ಮಟ್ಟಿಗೆ ಇನ್ನೊಬ್ಬ ರೆಫರಿ, ಇಬ್ಬರು ಲೈನ್ಸ್‌ಮನ್‌ಗಳು, ಒಂದು ಜೊತೆ ಬಲೆ ಹೆಚ್ಚಿಗೆ ಬೇಕಾಗುತ್ತವೆ. ಎರಡನೆಯ ಮೈದಾನ ಸಿಗದೇ ಹೋದರೆ, ನಾಲ್ಕನೆಯ ಸ್ಥಾನದ ಮೇಲೆ ಕಣ್ಣಿಟ್ಟಿರುವ ತಂಡಗಳಲ್ಲಿ ಹೆಚ್ಚು ಅಂಕವಿರುವುದು ಮೊದಲು ಆಡಲಿ, ಕಡಿಮೆ ಇರುವುದು ಆಮೇಲೆ. ಮುಂದಿರುವವರು ಬೇರೆಯವರ ಫಲಿತಾಂಶ ನೋಡಿಕೊಂಡು ತಮಗೆ ಬೇಕಾದಷ್ಟೇ ಆಡುವುದು ಆಗ ಸಾಧ್ಯವಾಗುವುದಿಲ್ಲ.